ಹಿಡಿ ಬಿಡದ ಬಲಗೈ

ಅವರು ಎಲ್ಲಿ ಕುಳಿತರೂ ಬಲಗೈ ಏನನ್ನಾದರೂ ಹಿಡಿದುಕೊಂಡೇ ಇರುತ್ತಿತ್ತು. ಬಸ್ಸಿನಲ್ಲಾದರೆ ಮುಂದಿನ ಸೀಟಿನ ಕಂಬಿ, ರೈಲಿನಲ್ಲಾದರೆ ಕಿಟಕಿಯ ಸರಳು, ಮನೆಯಲ್ಲಾದರೆ ಮಂಚದ ಅಂಚು. ಏನೂ ಸಿಗದಿದ್ದರೆ ತಮ್ಮದೇ ಎಡಗೈಯ ಮಣಿಕಟ್ಟು. ಊಟಕ್ಕೆ ಕೂತಾಗ ಮಾತ್ರ ಆ ಕೈಗೆ ಬೇರೆ ಕೆಲಸ. ಅದಕ್ಕೇ ಇರಬೇಕು, ನಾಲ್ಕು ತುತ್ತಿನಲ್ಲಿ ಮುದ್ದೆ ಮುಗಿಸಿ ಎದ್ದುಬಿಡುತ್ತಿದ್ದರು. ಅವರಿಗಿದ್ದ ಒಬ್ಬಳೇ ಮಗಳು ನನ್ನ ಎದುರಿಗೇ ಅಪ್ಪನನ್ನು ಆಡಿಕೊಳ್ಳುತ್ತಿದ್ದಳು: "ನಮ್ಮಪ್ಪ ಮಂಚಕ್ಕೂ ಬ್ರೇಕ್ ಆಕ್ಕೊಂಡು ಮಲಗ್ತಾರೆ ಚಿಕ್ಕಪ್ಪ. ಇಲ್ದಿದ್ರೆ ಮಂಚ ಗಣಿ ಒಳಕ್ಕೆ ಓಗ್ಬಿಡ್ತದಂತೆ." ಅವರು ನಗುತ್ತಿದ್ದರು. ನಗುವಾಗಲೂ ಕೈ ಸಡಿಲಾಗುತ್ತಿರಲಿಲ್ಲ.

ಅವರ ಹೆಸರನ್ನು ಬರೆಯುವುದಿಲ್ಲ. ಆ ಹೆಸರಿಗೆ ಒಂದು ಸುಳ್ಳು ಅಂಟಿಕೊಂಡಿದೆ. ಹೆಸರು ಬರೆದರೆ, ನೆನಪಿರುವ ನಾಲ್ಕಾರು ಮಂದಿಗೆ ಮೊದಲು ಆ ಸುಳ್ಳೇ ನೆನಪಾಗುತ್ತದೆ. ನಾನು ಅವರನ್ನು ಅಣ್ಣ ಎಂದು ಕರೆಯುತ್ತಿದ್ದೆ. ಇಲ್ಲಿಯೂ ಅಣ್ಣ ಎಂದೇ ಇರಲಿ.

ಹೋದ ತಿಂಗಳು ಬಂಗಾರಪೇಟೆಯಲ್ಲಿ ಅವರ ಹೆಂಡತಿ ತೀರಿಕೊಂಡರು. ನಾನು ಅತ್ತಿಗೆ ಎನ್ನುತ್ತಿದ್ದೆ. ಬಹಳ ವಯಸ್ಸಾಗಿತ್ತು. ಅವರು ಬದುಕಿರುವಷ್ಟು ದಿನ ಇದನ್ನು ಬರೆಯುವ ಧೈರ್ಯ ನನಗೆ ಬರಲಿಲ್ಲ. ಈಗ ಬರೆಯುತ್ತಿರುವುದೂ ಧೈರ್ಯದಿಂದಲ್ಲ, ನನ್ನ ಮುಖ ನೋಡಿ ಕೇಳುವವರು ಇನ್ನು ಯಾರೂ ಇಲ್ಲವಲ್ಲ ಎಂಬ ನಿರಾಳದಿಂದ. ಓದುವವರು ಇದನ್ನು ಮೊದಲೇ ತಿಳಿದುಕೊಂಡಿದ್ದರೆ ಒಳ್ಳೆಯದು.

ಆ ಸುಳ್ಳು ಇಷ್ಟೇ: ಅಣ್ಣ ಕುಡಿಯುತ್ತಿದ್ದರು, ಕುಡಿತದಿಂದ ಕೈ ನಡುಗಿ ಕೆಲಸ ಕಳೆದುಕೊಂಡರು. ಅಣ್ಣ ಕುಡಿಯುತ್ತಿರಲಿಲ್ಲ. ಕುಡಿಯುತ್ತಿದ್ದವನು ನಾನು.

ನಾನು ಬಂಗಾರಪೇಟೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಐವತ್ತರ ದಶಕದ ಮೊದಲ ವರ್ಷಗಳಲ್ಲಿ ಕೆ.ಜಿ.ಎಫ್‌ನ ಒಂದು ಗಣಿಯಲ್ಲಿ ವೈಂಡಿಂಗ್ ಎಂಜಿನ್ ಕಲಿಯಲು ಸೇರಿದೆ. ಗಣಿಯ ಬಾವಿಯೊಳಕ್ಕೆ ಆಳುಗಳನ್ನು ಇಳಿಸಿ ಏರಿಸುವ ಕಬ್ಬಿಣದ ಪಂಜರಕ್ಕೆ ಕೇಜು ಎನ್ನುತ್ತಾರೆ. ಅದು ಉಕ್ಕಿನ ಹಗ್ಗದ ತುದಿಯಲ್ಲಿ ತೂಗುತ್ತದೆ. ಹಗ್ಗ ಸುತ್ತುವ, ಬಿಚ್ಚುವ ಯಂತ್ರ ಮೇಲೆ ಒಂದು ದೊಡ್ಡ ಮನೆಯಲ್ಲಿರುತ್ತದೆ. ಅದನ್ನು ನಡೆಸುವವನು ಕೇಜನ್ನಾಗಲಿ ಆಳುಗಳನ್ನಾಗಲಿ ನೋಡುವುದಿಲ್ಲ. ಅವನಿಗೆ ಇರುವುದು ಎದುರಿಗೆ ಒಂದು ಮುಳ್ಳು, ಕಿವಿಗೆ ಒಂದು ಗಂಟೆ, ಕೈಗೆ ಬ್ರೇಕಿನ ಹಿಡಿ. ಕೇಜು ಎಷ್ಟು ಆಳದಲ್ಲಿದೆ ಎಂದು ಮುಳ್ಳು ಹೇಳುತ್ತದೆ. ಇಳಿಸು, ಏರಿಸು, ನಿಲ್ಲಿಸು ಎಂದು ಗಂಟೆ ಹೇಳುತ್ತದೆ. ಅದಿರಿಗೆ ಒಂದು ಬಗೆಯ ಬಡಿತ, ಮನುಷ್ಯರಿಗೆ ಬೇರೆ ಬಗೆಯ ಬಡಿತ. ಎಂಜಿನ್ ನಡೆಯುವಾಗ ಡ್ರೈವರನ ಜೊತೆ ಯಾರೂ ಮಾತಾಡಕೂಡದು. ಜನರಲ್ ಮ್ಯಾನೇಜರೇ ಬಂದರೂ ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಎಂಟು ಗಂಟೆಗಳ ಪಾಳಿಯಲ್ಲಿ ಆ ಮನುಷ್ಯ ಆಡುವ ಮಾತು ಬೆರಳೆಣಿಕೆಯಷ್ಟು.

ಪಾಳಿ ಬದಲಾಗುವಾಗ ನಮ್ಮ ಎಂಜಿನ್ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬಂದವನು ಹೋಗುವವನ ಕೈಯ ಮೇಲೆ ತನ್ನ ಕೈ ಇಟ್ಟು "ನಂದು" ಎನ್ನಬೇಕು. ಹೋಗುವವನು ಕೆಳಗಿನಿಂದ ಕೈ ಎಳೆದುಕೊಂಡು "ನಿಂದು" ಎನ್ನಬೇಕು. ನಡುವೆ ಒಂದು ಕ್ಷಣವೂ ಹಿಡಿ ಬರಿದಾಗಿರಬಾರದು. ಅಣ್ಣ "ನಿಂದು" ಅಂದ ಮೇಲೂ ಹೋಗುತ್ತಿರಲಿಲ್ಲ. ನನ್ನ ಬೆನ್ನ ಹಿಂದೆ ನಿಂತು ಒಂದು ಸಲ ಕೇಜು ಇಳಿದು ಏರುವುದನ್ನು ಕಿವಿಯಿಂದ ನೋಡಿ, ಆಮೇಲೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

"ನನ್ ಮೇಲೆ ನಂಬ್ಕೆ ಇಲ್ವಾ ಅಣ್ಣ?" ಎಂದು ಒಮ್ಮೆ ಕೇಳಿದೆ.

"ನಿನ್ ಮೇಲೆ ಐತೆ ಕಣ್ಲಾ. ನನ್ ಮೇಲೆ ಇಲ್ಲ. ಎದ್ದು ಓದ್ಮೇಲೂ ನಾನು ಇಲ್ಲೇ ಕುಂತಂಗೆ ಇರ್ತದೆ. ಅದಕ್ಕೆ ನಿಂತು ನೋಡ್ತೀನಿ, ಎದ್ದಿದೀನಾ ಅಂತ."

ನಾನು ಅದನ್ನು ತಮಾಷೆ ಅಂದುಕೊಂಡೆ.

ಅವರು ಬಂಗಾರಪೇಟೆಯ ಪಕ್ಕದ ಹಳ್ಳಿಯವರು. ಎತ್ತು ಹೂಡಿದವರ ಮಗ. ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಮಾತಿನಲ್ಲಿ ಬೆರೆಸಿ ಆಡುತ್ತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ನಾನು ಮೊದಲು ಕಂಡಾಗ ಗಟ್ಟಿ ಆಳು. ಕುತ್ತಿಗೆ ಎತ್ತಿನದರಂತೆ ದಪ್ಪ. ಅವರು ಕಲಿಸುವಾಗ ಹೇಳುತ್ತಿದ್ದ ಒಂದು ಮಾತು ಈಗಲೂ ಕಿವಿಯಲ್ಲಿದೆ: "ಅಗ್ಗದ ಆ ಕೊನೇಲಿ ಆಳು ತೂಗ್ತಾವ್ರೆ ಅನ್ಕೋಬ್ಯಾಡ. ತಾಳಿ ತೂಗ್ತಾವೆ ಅನ್ಕೋ." ಆ ಮಾತು ನನ್ನನ್ನು ಒಳ್ಳೆಯ ಡ್ರೈವರ್ ಮಾಡಲಿಲ್ಲ, ಹೆದರಿಸಿತು. ಅವರನ್ನೂ ಹೆದರಿಸಿತ್ತು. ಆದರೆ ಅವರು ಹೆದರಿಕೆಯನ್ನು ಹೊತ್ತುಕೊಂಡೇ ಕೆಲಸ ಮಾಡುವವರು. ನಾನು ಪಾಳಿ ಮುಗಿದ ಕೂಡಲೇ ಆಂಡರ್ಸನ್‌ಪೇಟೆಯ ಸಾರಾಯಿ ಅಂಗಡಿಗೆ ಹೋಗಿ ಅದರ ಮೇಲೆ ಎರಡು ಗ್ಲಾಸು ಸುರಿಯುವವನು.

ಒಂದು ದಿನದ ಸಂಗತಿ ಹೇಳಬೇಕು. ನಾನಿನ್ನೂ ಕಲಿಯುತ್ತಿದ್ದ ಕಾಲ. ಬೆಳಗಿನ ಪಾಳಿ. ಅಣ್ಣ ಹಿಡಿಯ ಮುಂದೆ, ನಾನು ಹಿಂದೆ. ಆಳುಗಳು ತುಂಬಿದ ಕೇಜು ಇಳಿಯುತ್ತಿತ್ತು. ಅರ್ಧ ದಾರಿಯಲ್ಲಿದ್ದಾಗ ಕಾಲ ಕೆಳಗಿನ ನೆಲ ಒಮ್ಮೆ ಜಗ್ಗಿತು. ಮೂಲೆಯ ಎಣ್ಣೆಡಬ್ಬ ಉರುಳಿತು. ಆಳದಲ್ಲಿ ಕಲ್ಲು ಸಿಡಿದಿತ್ತು. ನಾವು ಬರ್ಸ್ಟ್ ಎನ್ನುತ್ತಿದ್ದೆವು; ಆ ಊರಿನಲ್ಲಿ ಮನೆಯ ಪಾತ್ರೆ ಅಲುಗಿದರೂ ಹೆಂಗಸರು ಬೀದಿಗೆ ಓಡಿಬರುತ್ತಿದ್ದುದು ಅದಕ್ಕೇ. ಅಣ್ಣ ಆಗಲೇ ಬ್ರೇಕು ಎಳೆದಿದ್ದರು. ಕೇಜು ನಿಂತಿತು. ಗಂಟೆಯೂ ನಿಂತಿತು. ತಂತಿ ಎಲ್ಲೋ ತುಂಡಾಗಿತ್ತು.

ಗಂಟೆ ಇಲ್ಲದೆ ಕೇಜು ಅಲುಗಿಸುವಂತಿಲ್ಲ. ಬಾವಿಯ ಗೋಡೆ ಒಳಕ್ಕೆ ಬಾಗಿದ್ದರೆ ಎಳೆದಾಗ ಕೇಜು ಸಿಕ್ಕಿಕೊಳ್ಳಬಹುದು, ಹಗ್ಗ ಹರಿಯಬಹುದು. ಬಿಟ್ಟರೆ ಆಳುಗಳು ಅಲ್ಲೇ ಕತ್ತಲಲ್ಲಿ ನೇತಾಡಬೇಕು. ಏನಾಗಿದೆಯೋ ನೋಡಿಬರಲು ಪಕ್ಕದ ಬಾವಿಯಿಂದ ಜನ ಇಳಿದರು. ಅವರು ಸುದ್ದಿ ತರುವವರೆಗೆ ಅಣ್ಣ ಮಾಡಬಹುದಾದ ಕೆಲಸ ಒಂದೇ, ಹಿಡಿ ಹಿಡಿದು ಕೂರುವುದು. ಯಂತ್ರವೇ ಬ್ರೇಕನ್ನು ಹಿಡಿದಿರುತ್ತದೆ, ಕೈ ತೆಗೆದರೂ ನಡೆಯುತ್ತದೆ ಎಂದು ಇಂಜಿನಿಯರು ಬಾಗಿಲಲ್ಲಿ ನಿಂತು ಹೇಳಿದರು. ಅಣ್ಣ ತೆಗೆಯಲಿಲ್ಲ. ನೀರು ಕುಡಿಸಿದೆ, ಕತ್ತೆತ್ತಿ ಕುಡಿದರು. ಕಣ್ಣು ಮುಳ್ಳಿನ ಮೇಲಿಂದ ಸರಿಯಲಿಲ್ಲ. ಹೊತ್ತು ನೆತ್ತಿಗೆ ಬಂದು ಇಳಿಯಿತು. ಕೊನೆಗೆ ತಂತಿ ಜೋಡಿಸಿದರು, ಗಂಟೆ ಬಡಿಯಿತು. ಬಾವಿ ಸರಿಯಾಗಿದೆ, ಏರಿಸು ಎಂದು. ಅವರು ಕೂಸನ್ನು ಎತ್ತುವ ಹಾಗೆ ಏರಿಸಿದರು.

ಎಲ್ಲರೂ ಜೀವಂತ ಬಂದರು. ಒಬ್ಬ ತಮಿಳಿನವನು ಓಡಿ ಬಂದು ಎಂಜಿನ್ ಮನೆಯ ಬಾಗಿಲಲ್ಲಿ ಅಡ್ಡಬಿದ್ದು "ಸಾಮಿ, ಸಾಮಿ" ಎಂದು ಅತ್ತ. ಅಣ್ಣ ಅವನನ್ನು ನೋಡಲಿಲ್ಲ. "ಬೆರಳು ಬಿಡಿಸ್ಲಾ" ಎಂದರು ನನಗೆ. ಒಂದೊಂದೇ ಬೆರಳನ್ನು ನಾನು ಬಿಡಿಸಬೇಕಾಯಿತು.

ಕೇಜಿನಲ್ಲಿದ್ದವರು ಎರಡು ದಿನಕ್ಕೆ ಮತ್ತೆ ಕೆಲಸಕ್ಕೆ ಇಳಿದರು. ಭಾನುವಾರ ಕೋಳಿ ಕೊಯ್ದರು, ಮರೆತರು. ಅಣ್ಣನಿಗೆ ಮಾತ್ರ ಅಂದಿನಿಂದ ಮೈ ಮೊದಲಿನ ಹದಕ್ಕೆ ಬರಲೇ ಇಲ್ಲ. ಅದು ಒಂದು ದಿನದಲ್ಲಿ ಆದ ಬದಲಾವಣೆಯಲ್ಲ, ವರ್ಷಗಟ್ಟಲೆ ನಡೆಯಿತು. ದಿನವೂ ನೋಡುತ್ತಿದ್ದ ನನಗೆ ಕಾಣಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಕಂಡಿತ್ತು. ಮೊದಲು ನಿದ್ದೆ ಹೋಯಿತು. ಆಮೇಲೆ ಹೊಟ್ಟೆ ಉರಿ. ಜೇಬಿನಲ್ಲಿ ಸೋಡಾಪುಡಿಯ ಪೊಟ್ಟಣ. ಕೆಲವು ವರ್ಷಗಳಾದ ಮೇಲೆ ಬೇರೆಯದೇ ಒಂದು ಶುರುವಾಯಿತು. ಎರಡು ಮುದ್ದೆ ಉಣ್ಣುತ್ತಿದ್ದವರು ನಾಲ್ಕು ಉಣ್ಣುತ್ತಿದ್ದರು, ಆದರೂ ಅಂಗಿ ದಿನೇ ದಿನೇ ಸಡಿಲವಾಯಿತು. ಧನುರ್ಮಾಸದ ಚಳಿಯಲ್ಲಿ ಬೆವರುತ್ತಿದ್ದರು. ಕಣ್ಣು ಏನೋ ಕಂಡು ಬೆಚ್ಚಿದವರ ಹಾಗೆ ಅರಳಿ, ಹಾಗೇ ನಿಂತಿತು. ಆ ಎತ್ತಿನ ಕುತ್ತಿಗೆ ಸಣ್ಣಗಾಗಿ, ಅದರ ಮುಂಭಾಗದಲ್ಲಿ ಮಾತ್ರ ಏನೋ ಉಬ್ಬಿದಂತಿತ್ತು. ಕೊನೆಗೆ ಬೆರಳು ನಡುಗತೊಡಗಿತು. ಬಾಲವಾಡಿಯ ಮಕ್ಕಳು ಎಲೆ ಹಿಡಿದು ಗಾಳಿಗೆ ಒಡ್ಡಿದಾಗ ಎಲೆ ನಡುಗುವುದಿಲ್ಲವೇ, ಅಷ್ಟು ಸಣ್ಣ ನಡುಕ. ಹಿಡಿ ಹಿಡಿದಾಗ ನಿಲ್ಲುತ್ತಿತ್ತು. ಬಿಟ್ಟರೆ ಶುರು.

ಈಗ ಸಾರಾಯಿ ಅಂಗಡಿಯ ವಿಷಯ.

ಅಣ್ಣ ನನ್ನ ಜೊತೆ ಅಲ್ಲಿಗೆ ಬರುತ್ತಿದ್ದುದು ನಿಜ. ನನ್ನ ಪಾಳಿ ರಾತ್ರಿಗಿದ್ದ ವಾರಗಳಲ್ಲಿ, ಮಧ್ಯಾಹ್ನ ಅವರು ಪಾಳಿ ಇಳಿದ ಮೇಲೆ ಇಬ್ಬರೂ ನಡೆದುಕೊಂಡು ಹೋಗುತ್ತಿದ್ದೆವು. ರಸ್ತೆಯ ಪಕ್ಕದ ಬೆಂಚಿನ ಮೇಲೆ ಕುಳಿತು ನಾನು ಸಾರಾಯಿ ಕುಡಿಯುತ್ತಿದ್ದೆ, ಅವರು ಗೋಲಿಸೋಡಾ ಕುಡಿಯುತ್ತಿದ್ದರು. ನನಗೆ ನಾಚಿಕೆಯಾಗದಿರಲಿ ಎಂದು ಸೋಡಾವನ್ನೂ ನನ್ನ ಗ್ಲಾಸಿನಂಥದೇ ಗ್ಲಾಸಿಗೆ ಬಗ್ಗಿಸಿಕೊಳ್ಳುತ್ತಿದ್ದರು. ಅಂಗಡಿಯವನು ಕುಪ್ಪಂ ಕಡೆಯ ತೆಲುಗಿನವನು, ಬಾಯಿ ಜೋರು.

"ರಾ ಸೋಡಾ ಸ್ವಾಮೀ, ರಾ! ನಿನ್ನಂಥೋರು ನಾಲ್ಕು ಜನ ಬಂದ್ರೆ ನಾನು ಅಂಗ್ಡಿ ಮುಚ್ಚಿ ಭಜನೆಮಂದಿರ ಇಡ್ಬೇಕು."

"ಇಡು, ಆಗ್ಲೂ ಬತ್ತೀನಿ. ನಂಗೆ ಸದ್ದಿದ್ರೆ ಸಾಕು," ಎಂದರು ಅಣ್ಣ.

ಅವರು ಬರುತ್ತಿದ್ದುದೇ ಸದ್ದಿಗೆ. ಒಮ್ಮೆ ಹೇಳಿದರು: "ಮನೇಲಿ ಸದ್ದಿಲ್ಲ ಕಣ್ಲಾ. ನಿಮ್ಮತ್ತಿಗೆ ಮೆಲ್ಗೆ ಓಡಾಡ್ತಾಳೆ, ನಾನು ಮಲಗ್ಲಿ ಅಂತ. ಸದ್ದಿಲ್ದೆ ಇದ್ರೆ ಕಿವಿ ಗಂಟೆ ಕಾಯ್ತದೆ. ಇಲ್ಲಿ ಕುಡುಕ್ರು ಬಡ್ಕೋತಾವ್ರಲ್ಲ, ಗಂಟೆ ಒಡೆದ್ರೂ ಕೇಳಾಕಿಲ್ಲ. ಆಗ ಎದೆ ಒಸಿ ನಿಲ್ತದೆ."

ರಜೆಯ ದಿನ ಅವರು ಬಂಗಾರಪೇಟೆಯ ಸ್ಟೇಷನ್ನಿಗೆ ಹೋಗಿ ಕೂರುತ್ತಿದ್ದುದೂ ಅದಕ್ಕೇ. ನಾನೂ ಜೊತೆಗೆ ಹೋದದ್ದುಂಟು. ಮಾರಿಕುಪ್ಪಂ ಕಡೆಯ ಗಾಡಿ ಒಂದು ಬದಿ, ಬೆಂಗಳೂರು ಮದ್ರಾಸಿನ ಗಾಡಿಗಳು ಇನ್ನೊಂದು ಬದಿ. ಎಂಜಿನ್ನುಗಳು ಕೂಗುತ್ತ ಡಬ್ಬಿ ಜೋಡಿಸುತ್ತ ಓಡಾಡುತ್ತಿದ್ದವು. ಅವರು ಕಲ್ಲುಬೆಂಚಿನ ಮೂಲೆ ಹಿಡಿದುಕೊಂಡು ನೋಡುತ್ತಿದ್ದರು. "ನೋಡ್ಲಾ, ಇಷ್ಟೆಲ್ಲ ನಡೀತೈತೆ. ಒಂದಕ್ಕೂ ನನ್ ಕೈ ಬೇಕಿಲ್ಲ." ಆ ಮಾತು ಹೇಳಿದಾಗ ಅವರ ಮುಖದಲ್ಲಿ ಇದ್ದಂಥ ಸಂತೋಷವನ್ನು ನಾನು ಬೇರೆಲ್ಲೂ ನೋಡಲಿಲ್ಲ. ಸುತ್ತ ಅಷ್ಟು ಜನ, ನಡುವೆ ಅವರೊಬ್ಬರೇ.

ನನ್ನ ಕುಡಿತ ಹೆಚ್ಚಿತು. ಕೆಲವು ದಿನ ಅಮಲು ಇಳಿಯದೆ ಪಾಳಿಗೆ ಬರುತ್ತಿದ್ದೆ. "ನಂದು" ಎಂದು ಕೈ ಇಟ್ಟರೆ ಅಣ್ಣ ಮುಖ ತಿರುಗಿಸಿ ನನ್ನ ಕಣ್ಣು ನೋಡುತ್ತಿದ್ದರು. ತಮ್ಮ ಕೈಯನ್ನು ಎಳೆದುಕೊಳ್ಳುತ್ತಿರಲಿಲ್ಲ.

"ಇವತ್ತು ಮುಟ್ಬ್ಯಾಡ. ಹಿಂದ್ಗಡೆ ಬೆಂಚ್ ಮೇಲೆ ಬಿದ್ಕೋ ಓಗು. ಯಾರಾನ ಬಂದ್ರೆ ಒಟ್ಟೆನೋವು ಅನ್ನು."

"ಅಣ್ಣ, ಆಗ್ಲೇ ಒಂದು ಶಿಫ್ಟು ಮಾಡಿದೀರ..."

"ಬಾಯ್ ಮುಚ್ಲಾ. ವಾಸ್ನೆ ಬತ್ತದೆ."

ಹೀಗೆ ನನ್ನ ಪಾಳಿಯನ್ನೂ ಅವರೇ ಕೂತರು. ಒಂದೆರಡು ಸಲವಲ್ಲ. ಹದಿನಾರು ಗಂಟೆಗಳ ಕಾಲ ಮುಳ್ಳು ನೋಡುತ್ತ ಕೂರುವುದು ಮನುಷ್ಯನನ್ನು ಏನು ಮಾಡುತ್ತದೆ ಎಂದು ನಾನು ಆ ಬೆಂಚಿನ ಮೇಲೆ ಮಲಗಿ ಯೋಚಿಸಲಿಲ್ಲ. ನಿದ್ದೆ ಮಾಡಿದೆ. ಅವರು ನನ್ನನ್ನು ಹಿಡಿದುಕೊಟ್ಟಿದ್ದರೆ ಆ ದಿನವೇ ನನ್ನ ಕೆಲಸ ಹೋಗುತ್ತಿತ್ತು. ಕೊಡಲಿಲ್ಲ. ಬೈದರು, ಅಷ್ಟೇ. "ನಿಂಗೂ ಎದ್ರಿಕೆ, ನಂಗೂ ಎದ್ರಿಕೆ. ನೀನು ಕುಡೀತೀಯ, ನಾನು ಉಣ್ತೀನಿ" ಎಂದು ತಮ್ಮ ನಾಲ್ಕು ಮುದ್ದೆಯನ್ನು ತಾವೇ ನಗೆಯಾಡಿದರು.

ಅರವತ್ತರ ದಶಕ ಆಗಲೇ ಕೆಲವು ವರ್ಷ ಕಳೆದಿತ್ತು. ಒಂದು ಬೆಳಿಗ್ಗೆ ಅಣ್ಣ ಆಳುಗಳಿದ್ದ ಕೇಜನ್ನು ನಿಲ್ಲಿಸಬೇಕಾದ ಕಡೆಗಿಂತ ಸ್ವಲ್ಪ ಕೆಳಕ್ಕೆ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವರಿಂದ ಅಂಥದು ಎಂದೂ ಆಗಿರಲಿಲ್ಲ. ಹೊಸದಾಗಿ ಬಂದಿದ್ದ ಇಂಜಿನಿಯರು ಬಂದು, ಅವರ ಕೈ ಚಾಚಿಸಿ ನೋಡಿದರು. ಬೆರಳು ನಡುಗಿತು. ಮುಖ ಬೆವರಿತ್ತು. ಕಣ್ಣು ಕೆಂಪಾಗಿ ಅರಳಿತ್ತು. ಬೆಳಿಗ್ಗೆ ಕೈ ನಡುಗುವ ಗಂಡಸೆಂದರೆ ಕೆ.ಜಿ.ಎಫ್‌ನಲ್ಲಿ ಎರಡನೆಯ ಅರ್ಥವಿರಲಿಲ್ಲ. ಸಾರಾಯಿ ಅಂಗಡಿಯ ಬೆಂಚಿನ ಮೇಲೆ ಗ್ಲಾಸು ಹಿಡಿದು ಕೂತದ್ದನ್ನು ಅರ್ಧ ಊರೇ ನೋಡಿತ್ತು.

ಮಧ್ಯಾಹ್ನ ಇಂಜಿನಿಯರು ನನ್ನನ್ನು ಕರೆಸಿದರು. ಆಫೀಸಿನಲ್ಲಿ ನಾವಿಬ್ಬರೇ. ಅವರು ತಮಿಳಿನವರು, ಕನ್ನಡ ಚೆನ್ನಾಗಿ ಆಡುತ್ತಿದ್ದರು. ಕೆಟ್ಟವರಲ್ಲ.

"ಎನ್ನಪ್ಪಾ, ನೀನು ಅವನ ಜೊತೆಗಾರ. ನಿಜ ಹೇಳು. ಕಾಯಿಲೆ ಅಂದ್ರೆ ಇವತ್ತೇ ಆಸ್ಪತ್ರೆಗೆ ಬರೆದುಕೊಡ್ತೀನಿ, ಡಾಕ್ಟರು ನೋಡಲಿ. ತಣ್ಣಿ ಹಾಕ್ತಾನೆ, ಕುಡೀತಾನೆ ಅಂದ್ರೆ ನನಗೆ ಬೇರೆ ದಾರಿ ಇಲ್ಲ, ಗೇಟಿನಿಂದ ಆಚೆ. ಹಾಕ್ತಾನಾ?"

ಪ್ರಶ್ನೆ ಅಷ್ಟು ಸ್ಪಷ್ಟವಾಗಿತ್ತು. ಒಂದು ಬಾಗಿಲು ಆಸ್ಪತ್ರೆಗೆ, ಇನ್ನೊಂದು ಬೀದಿಗೆ. ನಾನು ಹೇಳಬೇಕಾದದ್ದು ಒಂದೇ ಮಾತು: ಇಲ್ಲ ಸಾರ್, ಆ ಗ್ಲಾಸಿನಲ್ಲಿದ್ದದ್ದು ಸೋಡಾ. ನಿನಗೆ ಹೇಗೆ ಗೊತ್ತು ಎಂದು ಅವರು ಕೇಳುತ್ತಿದ್ದರು. ನಾನು ಪಕ್ಕದಲ್ಲೇ ಕೂತಿದ್ದೆ ಎನ್ನಬೇಕಾಗುತ್ತಿತ್ತು. ನಿನ್ನ ಗ್ಲಾಸಿನಲ್ಲಿ ಏನಿತ್ತು ಎಂದು ಕೇಳುತ್ತಿದ್ದರು. ಇಷ್ಟೂ ಆ ಒಂದು ಕ್ಷಣದಲ್ಲಿ ನನ್ನ ತಲೆಯಲ್ಲಿ ಓಡಿತು. ಇನ್ನೊಂದು ಯೋಚನೆಯೂ ಇತ್ತು, ಅದನ್ನೂ ಮುಚ್ಚಿಡುವುದಿಲ್ಲ. ಆ ಕೈಗೆ ಆಳುಗಳನ್ನು ಒಪ್ಪಿಸುವುದು ಸರಿಯಲ್ಲ ಎಂದು ನನಗೂ ಅನ್ನಿಸಿತ್ತು. ಆದರೆ ಕಾಯಿಲೆ ಎಂದರೂ ಅವರನ್ನು ಹಿಡಿಯಿಂದ ಇಳಿಸುತ್ತಿದ್ದರು. ಆದ್ದರಿಂದ ಅದನ್ನು ನನ್ನ ಸಮರ್ಥನೆಗೆ ತರಲಾರೆ.

ನಾನು ಇಲ್ಲ ಎನ್ನಲಿಲ್ಲ. ಹೌದು ಎಂದೂ ಅನ್ನಲಿಲ್ಲ. ತಲೆ ತಗ್ಗಿಸಿ, ಸ್ನೇಹಿತನ ಗುಟ್ಟು ಬಿಟ್ಟುಕೊಡಲಾರದವನ ಹಾಗೆ ಸಣ್ಣಗೆ ನಕ್ಕೆ.

"ಸರಿ ಹೋಗು, ಅರ್ಥವಾಯಿತು," ಎಂದರು ಅವರು.

ಮಾರನೆಯ ದಿನದಿಂದ ಅಣ್ಣ ಬರಲಿಲ್ಲ. ಕ್ವಾರ್ಟರ್ಸ್ ಬಿಟ್ಟು ಬಂಗಾರಪೇಟೆಗೆ ಹೋದರು. ಅವರ ಬೆಳಗಿನ ಪಾಳಿ ನನಗೆ ಬಂತು. ಅಂಗಡಿಯವನು ನನ್ನನ್ನು ಕಂಡು, "ಸೋಡಾ ಸ್ವಾಮಿ ಕುಡುದು ಕೆಲ್ಸ ಕಳ್ಕೊಂಡ್ನಂತೆ! ಎಲ್ಲಿ ಕುಡುದ್ನೋ ದೇವ್ರೇ ಬಲ್ಲ, ನನ್ ಅಂಗ್ಡೀಲಂತೂ ಅಲ್ಲ" ಎಂದು ಬಿದ್ದು ಬಿದ್ದು ನಕ್ಕ. ಸಾರಾಯಿ ಮಾರುವವನ ಸಾಕ್ಷಿ ಕೇಳುವವರು ಯಾರು?

ನಾನು ಅವರನ್ನು ನೋಡಲು ಹೋದದ್ದು ಬಹಳ ತಿಂಗಳುಗಳ ಮೇಲೆ. ಆ ಹೊತ್ತಿಗೆ ಕಾಲು ಊದಿಕೊಂಡು, ನಾಲ್ಕು ಹೆಜ್ಜೆಗೆ ಉಸಿರು ಹತ್ತುತ್ತಿತ್ತು. ಅತ್ತಿಗೆ ಅವರನ್ನು ಸ್ಟೇಷನ್ ರಸ್ತೆಯ ಒಬ್ಬ ಡಾಕ್ಟರ ಹತ್ತಿರ ಕರೆದೊಯ್ಯುವವರಿದ್ದರು. ಜಟಕಾ ಗಾಡಿಯಲ್ಲಿ ನಾನೂ ಜೊತೆಗೆ ಹೋದೆ. ಆ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ಕುತ್ತಿಗೆ ಮುಟ್ಟಿ ನೋಡಿದರು, ಕಣ್ಣಿನ ರೆಪ್ಪೆ ನೋಡಿದರು, ನಾಡಿ ಹಿಡಿದು ಬಹಳ ಹೊತ್ತು ಕೂತರು. ಕೆಲಸ ಏನಿತ್ತು, ನಿದ್ದೆ ಎಂದಿನಿಂದ ಕೆಟ್ಟಿತು ಎಂದು ಕೇಳಿದರು. ಅತ್ತಿಗೆಯೇ ಎಲ್ಲವನ್ನೂ ಹೇಳಿದರು.

"ಇವರು ಕುಡೀತಿದ್ರು ಅಂತ ಜನ ಅಂತಾರೆ ಡಾಕ್ಟ್ರೇ," ಎಂದರು ಕೊನೆಗೆ, ತಲೆ ಎತ್ತದೆ.

"ಯಾರಮ್ಮ ಅಂದವರು? ಇದು ಕುಡಿತದ ನಡುಕ ಅಲ್ಲ. ಕುತ್ತಿಗೆಯಲ್ಲಿ ಒಂದು ಗ್ರಂಥಿ ಇರುತ್ತೆ, ಥೈರಾಯ್ಡ್ ಅಂತ. ಮೈ ಎಷ್ಟು ಬಿರುಸಾಗಿ ನಡೀಬೇಕು ಅಂತ ಅದರ ರಸ ತೀರ್ಮಾನ ಮಾಡುತ್ತೆ. ಇವರಿಗೆ ಆ ರಸ ವಿಪರೀತ ಹೆಚ್ಚಿದೆ. ಉಂಡದ್ದು ಮೈಗೆ ಹತ್ತೋದಿಲ್ಲ, ಬೆವರು, ನಡುಕ, ಎದೆ ಬಡಿತ. ಎಲ್ಲ ಅದರದೇ."

"ಯಾಕೆ ಇಂಗಾಯ್ತು?" ಎಂದರು ಅತ್ತಿಗೆ.

ಡಾಕ್ಟರು ಹೇಳಿದರು. "ಇಂಥದೇ ಕಾರಣ ಅಂತ ಹೇಳೋಕೆ ಆಗಲ್ಲ. ಕೆಲವರ ಮೈಯಲ್ಲಿ ಅದು ಹುಟ್ಟಿನಿಂದಲೇ ಕಾದಿರುತ್ತೆ. ಆದರೆ ಬಹಳ ವರ್ಷದ ಭಯ, ನಿದ್ದೆಗೇಡು ಅದನ್ನ ಎಬ್ಬಿಸಬಹುದು. ಹಾವು ಕಂಡರೆ ನಮ್ಮ ಮೈಯೊಳಗೆ ಒಂದು ರಸ ಇಳಿಯುತ್ತಮ್ಮ. ಎದೆ ಬಡಿಯುತ್ತೆ, ರಕ್ತಕ್ಕೆ ಸಕ್ಕರೆ ನುಗ್ಗುತ್ತೆ, ಹೊಟ್ಟೆಯ ಕೆಲಸ ನಿಲ್ಲುತ್ತೆ. ಓಡಿಹೋಗೋಕೆ ಅದು ಬೇಕು. ಹಾವು ಹೋದ ಮೇಲೆ ಎಲ್ಲ ಇಳೀಬೇಕು. ಇವರು ದಿನಾ ಹಾವಿನ ಮುಂದೆ ಅಲ್ಲಾಡದೆ ಕೂತಿದ್ರು. ಓಡೋ ಹಾಗೂ ಇಲ್ಲ, ಇಳಿಯೋಕೆ ಬಿಡುವೂ ಇಲ್ಲ. ಹಾಗೆ ಹತ್ತು ಹನ್ನೆರಡು ವರ್ಷ ಆದರೆ ಮೈಯ ಒಂದೊಂದೇ ಭಾಗ ಸವೆಯುತ್ತೆ. ಈಗ ಹೃದಯ ಸೋತಿದೆ." ಆಮೇಲೆ ನನ್ನ ಕಡೆ ತಿರುಗಿ, "ಕೆಲಸದಲ್ಲಿ ಇದ್ದಾಗಲೇ ಆಸ್ಪತ್ರೆಗೆ ಕಳಿಸಿದ್ದರೆ ಎಷ್ಟೋ ಮಾಡಬಹುದಿತ್ತು. ನೀವು ಜೊತೆಯಲ್ಲಿದ್ದವರಲ್ಲವೇ? ಯಾರಿಗೂ ಕಾಣಲಿಲ್ಲವೇ?" ಎಂದರು.

"ಗೊತ್ತಾಗ್ಲಿಲ್ಲ ಸಾರ್," ಎಂದೆ.

ಮನೆಗೆ ಬಂದ ಮೇಲೆ ಅಣ್ಣ ಜಗಲಿಯಲ್ಲಿ ಗೋಡೆಗೆ ಒರಗಿ ಕೂತರು. ಅತ್ತಿಗೆ ಒಳಗೆ ಹೋಗಿದ್ದರು.

"ಸಾಹೇಬ್ರು ನಿನ್ನ ಕರ್ಸಿದ್ರಂತೆ," ಎಂದರು ಅಣ್ಣ.

"ಔದು."

"ಏನ್ ಕೇಳಿದ್ರು?"

"ನೀವು ಕುಡೀತೀರಾ ಅಂತ."

"ಏನಂದೆ?"

"ಏನೂ ಅನ್ಲಿಲ್ಲ ಅಣ್ಣ."

"ಏನೂ ಅನ್ಲಿಲ್ವಾ," ಎಂದರು. ಅದು ಪ್ರಶ್ನೆಯಾಗಿರಲಿಲ್ಲ. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಕಾಲು ಹಿಡಿದುಬಿಡುತ್ತಿದ್ದೆನೋ ಏನೋ. ಕೊನೆಗೆ ಇಷ್ಟೇ ಹೇಳಿದರು: "ನಂಗೆ ಆ ಕೆಲ್ಸ ಬ್ಯಾಡ ಕಣ್ಲಾ, ಕೈ ನಿಲ್ಲಾಕಿಲ್ಲ. ಮಗಳಿಗೆ ಗಂಡು ನೋಡ್ತಾವ್ರೆ. ಕುಡುಕನ ಮಗಳು ಅಂತ ಎರಡು ಕಡೆಯೋರು ಎದ್ದೋದ್ರು. ಒಂದ್ ಮಾತು ಓಗಿ ಏಳು, ಕಾಯ್ಲೆ ಇತ್ತು ಅಂತ. ಡಾಕ್ಟ್ರು ಅಂದ್ರಲ್ಲ, ನೀನೇ ಕೇಳ್ದಲ್ಲ."

"ಏಳ್ತೀನಿ ಅಣ್ಣ," ಎಂದೆ.

ಹೇಳಲಿಲ್ಲ. ಆಫೀಸಿನ ಮುಂದೆ ಹೋಗಿ ನಿಂತು ವಾಪಸು ಬಂದದ್ದುಂಟು. ನಾಳೆ, ಬರುವ ವಾರ, ಸಾಹೇಬರು ಒಬ್ಬರೇ ಇದ್ದಾಗ, ಹೀಗೆ ಮುಂದೂಡಿದೆ. ಅಷ್ಟರಲ್ಲಿ ಅವರು ಹೋದರು. ಸಾಯುವಾಗ ನಲವತ್ತೈದೂ ಆಗಿರಲಿಲ್ಲ; ನೋಡಿದರೆ ನನ್ನ ಅಪ್ಪನ ವಯಸ್ಸಿನವರಂತಿದ್ದರು. ಮಣ್ಣಿಗೆ ನಾನು ಹೋಗಲಿಲ್ಲ, ಪಾಳಿ ಇದೆ ಎಂಬ ನೆಪ ಸಿಕ್ಕಿತು. ಮೂರನೆಯ ದಿನದ ಹಾಲುತುಪ್ಪಕ್ಕೆ ಹೋಗದೆ ಇರಲಾಗಲಿಲ್ಲ.

ನಮ್ಮ ಕಡೆ ಅಂದು ಗುಂಡಿಯ ಮೇಲೆ ಹಾಲುತುಪ್ಪ ಬಿಟ್ಟು, ಸತ್ತವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಎಲೆಯ ಮೇಲೆ ಇಡುತ್ತಾರೆ. ಆಸೆ ಉಳಿದರೆ ಜೀವ ಅಲೆಯುತ್ತದೆ ಎಂದು ನಂಬಿಕೆ. ಮುದ್ದೆ, ಉಪ್ಪುಸಾರು, ಎಲೆಯಡಿಕೆ ಇಟ್ಟಿದ್ದರು. ಅತ್ತಿಗೆಯ ತಮ್ಮ, ಭಾವನ ಮೇಲೆ ಪ್ರಾಣ ಇಟ್ಟುಕೊಂಡಿದ್ದ ಹುಡುಗ, ಪಂಚೆಯ ಮಡಿಲಿನಿಂದ ಒಂದು ಸಾರಾಯಿ ಬಾಟಲಿ ತೆಗೆದು ಎಲೆಯ ಪಕ್ಕ ಇಟ್ಟ.

"ತಗೀಲಾ ಅದನ್ನ," ಎಂದರು ಅತ್ತಿಗೆ. "ಅವ್ರು ಮುಟ್ಟಿದೋರಲ್ಲ."

"ಅಕ್ಕ, ಬದುಕಿದ್ದಾಗ ಮುಚ್ಚಿಟ್ಟೆ, ಮಗಳ ಮದ್ವೆ ಐತೆ ಅಂತ. ಸರಿ. ಸತ್ತೋರ ಆಸೆ ಮುಚ್ಚಿಡಬಾರ್ದು ಕಣಕ್ಕ. ಇಲ್ಲಿರೋರೆಲ್ಲ ನಮ್ಮೋರೇ."

"ಮುಟ್ಟಿದೋರಲ್ಲ ಅಂದ್ನಲ್ಲ!"

ಹಿರಿಯರೊಬ್ಬರು "ಇರ್ಲಿ ಬಿಡವ್ವ, ಆ ಕೆಲ್ಸದಾಗೆ ಯಾರು ಕುಡಿಯಾಕಿಲ್ಲ?" ಎಂದು ಸಮಾಧಾನ ಮಾಡಿದರು. ಅವರ ದನಿಯಲ್ಲಿ ಕರುಣೆಯೇ ಇತ್ತು. ಅತ್ತಿಗೆ ಸುತ್ತ ನೋಡಿ ನನ್ನನ್ನು ಕಂಡರು.

"ನೀನು ಜೊತೇಲಿದ್ದೋನು. ದಿನಾ ಜೊತೇಲಿದ್ದೆ. ಏಳಪ್ಪ ಇವರ್ಗೆ."

ಎಲ್ಲರೂ ನನ್ನ ಕಡೆ ತಿರುಗಿದರು. ಅವರ ಹಿಂದೆ ನಮ್ಮ ಗಣಿಯಲ್ಲಿ ಕೇಜಿನ ಬಾಗಿಲು ಕಾಯುವವನೂ ನಿಂತಿದ್ದ. ಇಲ್ಲಿ ಆಡಿದ ಮಾತು ನಾಳೆ ಆಫೀಸಿಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು.

"ಓಗ್ಲಿ ಬಿಡಿ ಅತ್ತಿಗೆ," ಎಂದೆ.

ಅವರು ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಯಾರೋ ಗುರುತಿಲ್ಲದವನನ್ನು ನೋಡುವ ಹಾಗೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹಿಂದಕ್ಕೆ ಸರಿದರು. ಆಮೇಲೆ ನಾನು ಎಷ್ಟೋ ಸಲ ಅವರನ್ನು ಸಂತೆಯಲ್ಲಿ, ಸ್ಟೇಷನ್ನಿನಲ್ಲಿ ಕಂಡೆ. ಆರೋಗ್ಯವೇ ಎಂದು ಕೇಳುತ್ತಿದ್ದರು. ಆ ಮಾತನ್ನು ಮಾತ್ರ ಮತ್ತೆಂದೂ ಕೇಳಲಿಲ್ಲ.

ಪೂಜೆ ಮುಗಿದ ಮೇಲೆ ಬಾಟಲಿಯಲ್ಲಿದ್ದುದನ್ನು ಗಂಡಸರು ಒಂದೊಂದು ಗುಟುಕು ತೆಗೆದುಕೊಳ್ಳುವುದು ವಾಡಿಕೆ. ಅಂಥ ಗುಟುಕಿಗೆ ಯಾರೂ ತಪ್ಪು ಹೇಳುವುದಿಲ್ಲ. ಅತ್ತಿಗೆಯ ತಮ್ಮ ಅದನ್ನು ಮೊದಲು ನನ್ನ ಕೈಗೇ ಕೊಟ್ಟ. "ನೀನು ತಗೋ ಅಣ್ಣ. ಭಾವನ ಜೊತೆ ಕೂತೋನು ನೀನು."

ನಾನು ಕುಡಿದೆ. ಒಂದು ಗುಟುಕಲ್ಲ.

ಹಾಲುತುಪ್ಪಕ್ಕೆಂದು ಅಂದು ಬೆಳಗಿನ ಪಾಳಿಯನ್ನು ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡಿದ್ದೆ. ಬಂಗಾರಪೇಟೆಯಲ್ಲಿ ಗಾಡಿ ಹತ್ತಿ, ಕೋರಮಂಡಲ್‌ನಲ್ಲಿ ಇಳಿದು, ನಡೆದುಕೊಂಡು ಎಂಜಿನ್ ಮನೆಗೆ ಹೋದೆ. ಅಲ್ಲಿದ್ದವನು ಹೊಸಬ, ನನ್ನ ಕಣ್ಣು ನೋಡಲಿಲ್ಲ. ಅವನು ಎದ್ದುಹೋದ. ಆಳುಗಳು ಹತ್ತಿದರೆಂದು ಗಂಟೆ ಬಡಿಯಿತು. ಬ್ರೇಕು ಸಡಿಲಿಸಿದೆ. ಕೇಜು ಇಳಿಯತೊಡಗಿತು. ನನ್ನ ಕೈ ಸ್ವಲ್ಪವೂ ನಡುಗಲಿಲ್ಲ. ಪಾಳಿ ಮುಗಿಯುವವರೆಗೂ ಯಾರೂ ನನ್ನನ್ನು ಏನೂ ಕೇಳಲಿಲ್ಲ.